ಮೆಮೊರಿಯ ವೇಗಕ್ಕೆ ಅಂಕ ಹಾಕುವ ಬಗೆ

ಕಂಪ್ಯೂಟರಿನ ಮೆಮೊರಿ ಒಂದು ಸೆಕೆಂಡಿಗೆ ಎಷ್ಟು ಬೈಟ್‌ಗಳನ್ನು ಪ್ರೊಸೆಸರಿಗೆ ತಲುಪಿಸಬಲ್ಲದು? ಇದನ್ನು ಅಳೆಯುವ ಪರೀಕ್ಷೆಗಳಲ್ಲಿ ‘ಸ್ಟ್ರೀಮ್’ ಹೆಸರಾದದ್ದು. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಸಾಗರವಿಜ್ಞಾನಿಯಾಗಿದ್ದ ಜಾನ್ ಮೆಕ್ಯಾಲ್ಪಿನ್ 1991ರಲ್ಲಿ ಇದನ್ನು ಆರಂಭಿಸಿದರು. ಸಾಗರದ ಹರಿವನ್ನು ಲೆಕ್ಕ ಹಾಕುವಂಥ ಪ್ರೋಗ್ರಾಮ್‌ಗಳಲ್ಲಿ ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಮೆಮೊರಿಯಿಂದ ಅಂಕಿಗಳು ಬರುವವರೆಗೆ ಕಾಯುತ್ತಲೇ ಇರಬೇಕಾಗುತ್ತದೆ.

ಸ್ಟ್ರೀಮ್‌ನಲ್ಲಿ ಸಂಖ್ಯೆಗಳ ಮೂರು ಉದ್ದನೆಯ ಸಾಲುಗಳಿರುತ್ತವೆ. ಒಂದೊಂದು ಸಂಖ್ಯೆಗೂ 8 ಬೈಟ್. ಅವುಗಳ ಮೇಲೆ ನಡೆಸುವ ಕೆಲಸಗಳಲ್ಲಿ ‘ಕಾಪಿ’ ಒಂದು ಸಾಲನ್ನು ಇನ್ನೊಂದಕ್ಕೆ ನಕಲು ಮಾಡುತ್ತದೆ, ‘ಸ್ಕೇಲ್’ ಗುಣಿಸಿ ಬರೆಯುತ್ತದೆ. ಇವೆರಡರಲ್ಲೂ ಒಂದು ಓದು, ಒಂದು ಬರಹ: 16 ಬೈಟ್. ‘ಆ್ಯಡ್’ ಎರಡು ಸಾಲುಗಳನ್ನು ಕೂಡುತ್ತದೆ, ‘ಟ್ರಯಾಡ್’ ಗುಣಿಸಿ ಕೂಡುತ್ತದೆ. ಇವಕ್ಕೆ 24 ಬೈಟ್. ಸಾಲಿನಲ್ಲಿ 1 ಕೋಟಿ ಸಂಖ್ಯೆಗಳಿದ್ದು, ಕಾಪಿ 0.01 ಸೆಕೆಂಡಿನಲ್ಲಿ ಮುಗಿದರೆ 16 ಕೋಟಿ ಬೈಟ್ ಸಾಗಿದಂತೆ. ಅಂಕ, ಸೆಕೆಂಡಿಗೆ 16,000 ಮೆಗಾಬೈಟ್.

ಇದನ್ನು ಸಾಮಾನ್ಯವಾಗಿ 10 ಸಲ ಓಡಿಸುತ್ತಾರೆ. ಮೊದಲ ಓಟ ಲೆಕ್ಕಕ್ಕಿಲ್ಲ. ಉಳಿದ ಒಂಬತ್ತರಲ್ಲಿ ಅತಿ ಕಡಿಮೆ ಸಮಯದ್ದೇ ಅಂಕವಾಗುತ್ತದೆ. ಸರಾಸರಿ ಏಕಲ್ಲ ಎಂಬ ಪ್ರಶ್ನೆ ಸಹಜ. ಹಿನ್ನೆಲೆಯಲ್ಲಿ ನಡೆಯುವ ಇತರ ಕೆಲಸಗಳು ಓಟವನ್ನು ತಡಮಾಡುವುದೇ ಹೆಚ್ಚು. ಆದ್ದರಿಂದ ಯಂತ್ರದ ಸಾಮರ್ಥ್ಯಕ್ಕೆ ಹತ್ತಿರವಾದದ್ದು ಅತಿ ವೇಗದ ಓಟವೇ.

ಸಾಲಿನ ಗಾತ್ರದ ನಿಯಮ ಇನ್ನೂ ಮುಖ್ಯ. ಒಂದೊಂದು ಸಾಲೂ ಪ್ರೊಸೆಸರಿನೊಳಗಿನ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ಗಿಂತ ಕನಿಷ್ಠ 4 ಪಟ್ಟು ದೊಡ್ಡದಿರಬೇಕು, ಇಲ್ಲದಿದ್ದರೆ ಅಳೆದದ್ದು ಮೆಮೊರಿಯನ್ನಲ್ಲ, ಕ್ಯಾಶನ್ನು. 32 ಮೆಗಾಬೈಟ್ ಕ್ಯಾಶ್ ಇರುವ ಯಂತ್ರದಲ್ಲಿ 1 ಕೋಟಿ ಸಂಖ್ಯೆಗಳ ಸಾಲು ಸಾಲದು, ಸುಮಾರು 1.7 ಕೋಟಿ ಬೇಕು. ಗಾತ್ರ ಹೇಳದ ಅಂಕವನ್ನು ನಂಬುವಂತಿಲ್ಲ.

ಲೆಕ್ಕದಲ್ಲಿ ಕಾಣದ ಸಾಗಾಟವೂ ಉಂಟು. ಬಹುತೇಕ ಪ್ರೊಸೆಸರ್‌ಗಳು ಮೆಮೊರಿಗೆ ಬರೆಯುವ ಮುನ್ನ ಆ ಜಾಗದಲ್ಲಿದ್ದ ಹಳೆಯ ಮಾಹಿತಿಯನ್ನು ಕ್ಯಾಶ್‌ಗೆ ತಂದುಕೊಳ್ಳುತ್ತವೆ. ಹೀಗಾದಾಗ ಕಾಪಿಯಲ್ಲಿ ನಿಜಕ್ಕೂ ಸಾಗುವುದು 24 ಬೈಟ್, ಸ್ಟ್ರೀಮ್ ಎಣಿಸುವುದು 16 ಮಾತ್ರ. ಕ್ಯಾಶನ್ನು ಬಳಸದೆ ನೇರ ಬರೆಯುವ ಸೂಚನೆಗಳನ್ನು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಹಾಕಿದರೆ ಅದೇ ಯಂತ್ರದ ಕಾಪಿ ಅಂಕ ಒಂದೂವರೆ ಪಟ್ಟಿನವರೆಗೂ ಏರಬಹುದು. ಮೆಮೊರಿ ಮಾತ್ರ ಮೊದಲಿನದೇ! ಡಿಡಿಆರ್4-3200 ಮೆಮೊರಿಯ ಒಂದು ಚಾನೆಲ್ಲಿನ ಗರಿಷ್ಠ ಮಿತಿ ಸೆಕೆಂಡಿಗೆ 25.6 ಗಿಗಾಬೈಟ್, ಸ್ಟ್ರೀಮ್ ಅಂಕ ಅದಕ್ಕಿಂತ ಕೆಳಗೆ ನಿಲ್ಲಲು ಈ ಎಣಿಕೆಯ ಕ್ರಮವೂ ಒಂದು ಕಾರಣ.

ಕೇಳಿದ ಮೊದಲ ಬೈಟ್ ಬರಲು ತಗಲುವ ವಿಳಂಬವನ್ನು ಸ್ಟ್ರೀಮ್ ಅಳೆಯುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆಗಳಿವೆ. ಅವುಗಳಲ್ಲಿ ಒಂದು ವಿಳಾಸವನ್ನು ಓದಿದ ಮೇಲೆಯೇ ಮುಂದಿನ ವಿಳಾಸ ತಿಳಿಯುತ್ತದೆ. ಅಲ್ಲಿ ಅಂಕ ನ್ಯಾನೊಸೆಕೆಂಡ್‌ಗಳಲ್ಲಿ, ಕಡಿಮೆಯಾದಷ್ಟೂ ಉತ್ತಮ.