ನಿಮಗಿದು ಗೊತ್ತೇ? ವೈರಸ್ ಗಂಟು ಬಿಚ್ಚುವ ಬಗೆ

ಚೆನ್ನೈನ ಮಾಧವರಂ ಮಿಲ್ಕ್ ಕಾಲೊನಿಯಲ್ಲಿ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯಿದೆ. 1989ರಲ್ಲಿ ಶುರುವಾದ ಇದು ದೇಶದ ಮೊದಲ ಪಶುವೈದ್ಯ ವಿಶ್ವವಿದ್ಯಾಲಯ. ಅದು ಸೆಣಸುತ್ತಿರುವ ಕುರಿ, ಕೋಳಿ, ದನಗಳ ವೈರಸ್‌ಗಳು ನಮ್ಮ ಹಟ್ಟಿ–ಕೊಟ್ಟಿಗೆಗಳನ್ನೂ ಬಿಟ್ಟಿಲ್ಲ. ಜೀವಕೋಶದೊಳಗೆ ಹೊಕ್ಕು ತಮ್ಮ ಡಿಎನ್‌ಎ, ಆರ್‌ಎನ್‌ಎ ಗಂಟು ಬಿಚ್ಚುವಾಗ ಒಂದೊಂದರದೂ ಒಂದೊಂದು ದಾರಿ.

• ಕುರಿಗಳ ನೀಲಿ ನಾಲಿಗೆ ರೋಗದ ವೈರಸ್ ಗಂಟನ್ನು ಪೂರ್ತಿ ಬಿಚ್ಚುವುದೇ ಇಲ್ಲ! ಹೊರಗಿನ ಹೊದಿಕೆ ಮಾತ್ರ ಕಳಚುತ್ತದೆ. ಜೋಡಿ ಎಳೆಯ 10 ಆರ್‌ಎನ್‌ಎ ತುಂಡುಗಳು ಒಳತಿರುಳಿನಲ್ಲೇ ಭದ್ರ. ಅಲ್ಲಿಂದಲೇ ನಕಲು ತೆಗೆದು, ನಕಲನ್ನಷ್ಟೇ ಹೊರಕ್ಕೆ ತಳ್ಳುತ್ತದೆ. ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಜೀವಕೋಶದ ಕಾವಲು ಎಚ್ಚೆತ್ತುಕೊಳ್ಳುತ್ತದೆ, ಅದಕ್ಕೇ ಈ ಬಚ್ಚಿಡುವಿಕೆ. ನುಸಿ ಕಚ್ಚಿ ಹರಡುವ ಈ ರೋಗಕ್ಕೆ ಐದು ಬಗೆಯ ವೈರಸ್ ಸೇರಿಸಿ ಲಸಿಕೆ ರೂಪಿಸಿದ್ದರಲ್ಲಿ ಈ ವಿಶ್ವವಿದ್ಯಾಲಯದ ದುಡಿಮೆಯಿದೆ.

• 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಹುಳಿಗೆ ಕಾಯುವ ಗುಂಪಿನದು. ಜೀವಕೋಶ ಅದನ್ನು ನುಂಗಿದ ಚೀಲ ಹುಳಿಯಾದೊಡನೆ, ವೈರಸ್ಸಿನ ಪೊರೆಯೂ ಚೀಲದ ಪೊರೆಯೂ ಬೆಸೆದು ಆರ್‌ಎನ್‌ಎ ಆಚೆ ಜಾರುತ್ತದೆ.

• ಕಾಲುಬಾಯಿ ರೋಗದ ವೈರಸ್ಸಿಗೆ ಅಂಥ ಪೊರೆಯೇ ಇಲ್ಲ. ಇರುವುದು ಪ್ರೋಟೀನಿನ ಚಿಪ್ಪು, ಅದು 12 ತುಂಡುಗಳ ಜೋಡಣೆ. ಸ್ವಲ್ಪ ಹುಳಿ ತಗುಲಿದರೂ ತುಂಡುಗಳು ಕಳಚಿಬಿದ್ದು ಆರ್‌ಎನ್‌ಎ ಹೊರಬರುತ್ತದೆ. ಈ ಸಡಿಲ ಜೋಡಣೆಯೇ ಲಸಿಕೆಗೂ ತೊಡಕು. ಸತ್ತ ವೈರಸ್ಸಿನ ಚಿಪ್ಪು ಇಡಿಯಾಗಿದ್ದರೆ ಮಾತ್ರ ಲಸಿಕೆ ಚೆನ್ನಾಗಿ ಫಲಿಸುತ್ತದೆ. ಬಿಸಿ ತಾಕಿದರೆ ಅದೂ 12 ಹೋಳು. ಲಸಿಕೆ ಹಾಕಲು ಬಂದವರು ಐಸ್ ಪೆಟ್ಟಿಗೆಯನ್ನು ನೆರಳಿಗಿಡಿ ಎಂದರೆ ಮೊದಲು ಅದನ್ನು ಮಾಡಿ. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ತಪ್ಪಿದರೆ ಸೂಜಿ ಚುಚ್ಚಿಯೂ ದನಕ್ಕೆ ರಕ್ಷಣೆ ಸಿಗದೇ ಹೋಗಬಹುದು.

• ವೈರಸ್ ಒಳಕ್ಕೆ ಕಳಿಸುವುದು ಡಿಎನ್‌ಎಯನ್ನೋ ಪ್ರೋಟೀನನ್ನೋ? 1952ರಲ್ಲಿ ಇದನ್ನು ಇತ್ಯರ್ಥ ಮಾಡಿದ್ದು ಅಡುಗೆಮನೆಯ ಮಿಕ್ಸಿ! ಬ್ಯಾಕ್ಟೀರಿಯಾಕ್ಕೆ ಅಂಟಿದ ವೈರಸ್ ಚಿಪ್ಪುಗಳನ್ನು ಆಲ್ಫ್ರೆಡ್ ಹರ್ಷಿ, ಮಾರ್ಥಾ ಚೇಸ್ ಅದರಲ್ಲಿ ತಿರುಗಿಸಿ ಉದುರಿಸಿದರು. ಪ್ರೋಟೀನು ಬಹುಪಾಲು ಹೊರಗೇ ಉಳಿದಿತ್ತು, ಡಿಎನ್‌ಎ ಒಳಗಿತ್ತು. ಹರ್ಷಿಗೆ 1969ರಲ್ಲಿ ನೊಬೆಲ್ ಬಂತು. ಚೇಸ್ ಅವರಿಗೆ ಬರಲಿಲ್ಲ, ಬರಬೇಕಿತ್ತು.

• ದನಗಳ ಚರ್ಮಗಂಟು ರೋಗದ ವೈರಸ್ ಸಿಡುಬಿನ ಬಳಗದ್ದು. ಡಿಎನ್‌ಎ ವೈರಸ್ಸುಗಳು ಸಾಮಾನ್ಯವಾಗಿ ಕೋಶಕೇಂದ್ರಕ್ಕೆ ಹೋಗುತ್ತವೆ. ಈ ಬಳಗ ಹೊರ ಅಂಗಳದಲ್ಲೇ ಬಿಡಾರ ಹೂಡುತ್ತದೆ. ಬೇಕಾದ ಕಿಣ್ವಗಳ ಬುತ್ತಿಯೂ ಜೊತೆಗೇ ಬಂದಿರುತ್ತದೆ.

• ಕೋಳಿಗಳ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ವೈರಸ್ ಬಾಗಿಲು ತೆರೆಯಲು ಕೋಳಿಯದೇ ಕತ್ತರಿ ಬೇಕು. ಪೊರೆ ಬೆಸೆಯುವ ಅದರ ಪ್ರೋಟೀನನ್ನು ಕೋಳಿಯ ಕಿಣ್ವ ಕತ್ತರಿಸಿಕೊಡಬೇಕು. ಸೌಮ್ಯ ತಳಿಗೆ ಆ ಕತ್ತರಿ ಸಿಗುವುದು ಉಸಿರುನಾಳ, ಕರುಳುಗಳಂಥ ಕಡೆ ಮಾತ್ರ. ಉಗ್ರ ತಳಿಯ ಪ್ರೋಟೀನನ್ನು ಮೈಯೆಲ್ಲ ಇರುವ ಕಿಣ್ವವೂ ಕತ್ತರಿಸಬಲ್ಲದು, ಹಾಗಾಗಿ ಅದು ಮಿದುಳಿಗೂ ಏರುತ್ತದೆ. ಕತ್ತು ತಿರುಚಿಕೊಂಡು ಒದ್ದಾಡುವ ಕೋಳಿಯನ್ನು ಕಂಡವರಿಗೆ ಅದರ ಗುರುತು ಮರೆಯದು. ನಾಟಿ ಕೋಳಿಗೆ ಬಾಯಿಂದಲೇ ಕೊಡುವ ಗುಳಿಗೆ ಲಸಿಕೆಯನ್ನೂ ಇದೇ ವಿಶ್ವವಿದ್ಯಾಲಯ ರೂಪಿಸಿದೆ.