ಮುಳುಗುವ ಮೊದಲೇ ಉಪ್ಪಾಗುವ ಬಾವಿಗಳು

2014ರ ಡಿಸೆಂಬರ್ 4ರಂದು ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ ಕಡಲ ನೀರಿನಿಂದ ಉಪ್ಪು ಬೇರ್ಪಡಿಸುವ ಘಟಕಕ್ಕೆ ಬೆಂಕಿ ಬಿತ್ತು. ಯಂತ್ರಗಳು ನಿಂತವು, ಲಕ್ಷಕ್ಕೂ ಹೆಚ್ಚು ಜನರ ಮನೆಯ ನಲ್ಲಿಗಳು ಒಣಗಿದವು. ಮರುದಿನವೇ ನಮ್ಮ ವಾಯುಪಡೆಯ ವಿಮಾನಗಳು ನೀರಿನ ಬಾಟಲಿ ತುಂಬಿಕೊಂಡು ಮಾಲೆಗೆ ಹಾರಿದವು. ಐಎನ್‌ಎಸ್ ಸುಕನ್ಯಾ, ಐಎನ್‌ಎಸ್ ದೀಪಕ್ ಹಡಗುಗಳು ನೀರು ಹೊತ್ತು ಅಲ್ಲಿಗೆ ತಲುಪಿದವು. 'ಆಪರೇಷನ್ ನೀರ್' ಎಂಬ ಹೆಸರಿನ ಈ ಕಾರ್ಯಾಚರಣೆ ನಾವು ಹೆಮ್ಮೆಪಡಬೇಕಾದದ್ದೇ. ಆದರೆ ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ ಬೀಳುವ ಊರಿಗೆ ಕುಡಿಯುವ ನೀರು ವಿಮಾನದಲ್ಲಿ ಹೋಗಬೇಕಾಗಿ ಬಂದದ್ದೇಕೆ?

ಉತ್ತರ ನೆಲದಡಿಯಲ್ಲಿದೆ. ಮಾಲ್ಡೀವ್ಸ್‌ನ ಸುಮಾರು 1,200 ದ್ವೀಪಗಳೂ ಹವಳದ ಚೂರು ಮತ್ತು ಮರಳಿನಿಂದ ಆದವು. ಸಮುದ್ರ ಮಟ್ಟದಿಂದ ಅವುಗಳ ಸರಾಸರಿ ಎತ್ತರ ಒಂದೂವರೆ ಮೀಟರ್ ಮಾತ್ರ. ಅಲ್ಲಿ ನದಿಯಿಲ್ಲ, ಹೊಳೆಯಿಲ್ಲ. ಬಿದ್ದ ಮಳೆಯನ್ನು ಮರಳು ಹೀರಿಕೊಳ್ಳುತ್ತದೆ. ಹಾಗೆ ಇಳಿದ ಸಿಹಿನೀರು ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ದೋಣಿಯಂತೆ ತೇಲುತ್ತದೆ. ನಡುವೆ ದಪ್ಪ, ಅಂಚಿನಲ್ಲಿ ತೆಳು. ಭೂಜಲ ವಿಜ್ಞಾನಿಗಳು ಇದನ್ನು ಸಿಹಿನೀರಿನ ಮಸೂರ ಎನ್ನುತ್ತಾರೆ.

ಈ ತೇಲುವಿಕೆಯ ಲೆಕ್ಕವನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಡಚ್ ಎಂಜಿನಿಯರ್ ಬಾಡನ್ ಘೈಬನ್, ಅವರ ಬಳಿಕ ಜರ್ಮನಿಯ ಹೆರ್ಜ್‌ಬರ್ಗ್ ಬಿಡಿಸಿದರು. ಒಂದು ಲೀಟರ್ ಸಿಹಿನೀರು 1,000 ಗ್ರಾಂ ತೂಗಿದರೆ ಕಡಲ ನೀರು ಸುಮಾರು 1,025 ಗ್ರಾಂ ತೂಗುತ್ತದೆ. ವ್ಯತ್ಯಾಸ 25 ಗ್ರಾಂ, ಅಂದರೆ ನಲವತ್ತರಲ್ಲಿ ಒಂದು ಪಾಲು. ಹಾಗಾಗಿ ಬಾವಿಯ ನೀರು ಸಮುದ್ರ ಮಟ್ಟಕ್ಕಿಂತ ಒಂದು ಗೇಣು ಮೇಲೆ ನಿಂತರೆ, ಮಟ್ಟದ ಕೆಳಗೆ ನಲವತ್ತು ಗೇಣು ಸಿಹಿನೀರು ಇರಬೇಕು. ನಿಜವಾದ ದ್ವೀಪಗಳಲ್ಲಿ ಉಬ್ಬರವಿಳಿತ ಎರಡೂ ನೀರನ್ನು ಕಲಕುವುದರಿಂದ ಅಷ್ಟು ಸಿಗುವುದಿಲ್ಲ. ಸಣ್ಣ ದ್ವೀಪದಲ್ಲಿ ಮಸೂರ ಕೆಲವೇ ಮೀಟರ್ ದಪ್ಪವಿರುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಭಯವಾಗುತ್ತದೆ. ಪಂಪ್ ಹಾಕಿ ಬಾವಿಯ ಮಟ್ಟವನ್ನು ಒಂದು ಗೇಣು ಇಳಿಸಿದರೆ, ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ ಅದರ ನಲವತ್ತು ಪಟ್ಟು ಮೇಲೇರುತ್ತದೆ. ಮಾಲೆಯಲ್ಲಿ ಆದದ್ದು ಇದೇ. ಎರಡು ಚದರ ಕಿಲೋಮೀಟರಿನಷ್ಟು ನೆಲದ ಮೇಲೆ ಜನ ಹೆಚ್ಚಿದಂತೆ ಬಾವಿಗಳು ಸವಳಾದವು, ಶೌಚದ ನೀರು ಸೇರಿ ಕೆಟ್ಟವು. 1978ರಲ್ಲಿ ಕಾಲರಾ ಹಬ್ಬಿತು. ಆಮೇಲೆ ನಗರ ಯಂತ್ರದ ನೀರಿಗೆ ಹೊರಳಿತು. ಆ ಯಂತ್ರ ಕಡಲ ನೀರನ್ನು ಭಾರಿ ಒತ್ತಡದಲ್ಲಿ ಪೊರೆಯ ಮೂಲಕ ತಳ್ಳಿ ಉಪ್ಪನ್ನು ಹಿಂದೆ ಉಳಿಸುತ್ತದೆ. ಸಾವಿರ ಲೀಟರಿಗೆ ಮೂರು-ನಾಲ್ಕು ಯೂನಿಟ್ ವಿದ್ಯುತ್ ಬೇಕು, ವಿದ್ಯುತ್ತಿಗೆ ಡೀಸೆಲ್ ಬೇಕು, ಡೀಸೆಲ್ ಹಡಗಿನಲ್ಲಿ ಬರಬೇಕು. ಈ ಸರಪಳಿಯ ಒಂದು ಕೊಂಡಿ ಸುಟ್ಟರೂ ರಾಜಧಾನಿಗೆ ನೀರಿಲ್ಲ.

ದ್ವೀಪಗಳು ಮುಳುಗುತ್ತವೆ ಎಂಬ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ನೆಲ ಮುಳುಗುವುದಕ್ಕೆ ಬಹಳ ಮೊದಲೇ ಬಾವಿ ಉಪ್ಪಾಗುತ್ತದೆ ಎಂಬುದು ಸುದ್ದಿಯಾಗುವುದು ಕಡಿಮೆ. ಒಂದೇ ಒಂದು ದೊಡ್ಡ ಅಲೆ ದ್ವೀಪದ ಮೇಲೆ ಹಾದುಹೋದರೂ ಸಾಕು, ಮೇಲಿನಿಂದ ಇಂಗಿದ ಉಪ್ಪು ಹಲವು ಮಳೆಗಳಾಗುವವರೆಗೆ ತೊಳೆದುಹೋಗುವುದಿಲ್ಲ.

ಅಂಥ ಅಲೆ ಬಂದದ್ದು 2004ರ ಡಿಸೆಂಬರ್ 26ರಂದು. ಅದಕ್ಕೆ ಆರು ದಿನ ಮೊದಲು, ಡಿಸೆಂಬರ್ 20ರಂದು, ವಿಶ್ವಸಂಸ್ಥೆಯ ಮಹಾಸಭೆ ಮಾಲ್ಡೀವ್ಸನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಕೈಬಿಡುವ ನಿರ್ಣಯ ಮಾಡಿತ್ತು. ಪ್ರವಾಸೋದ್ಯಮದಿಂದ ತಲಾ ಆದಾಯ ಏರಿದೆ, ಇನ್ನು ವಿಶೇಷ ರಿಯಾಯಿತಿ ಬೇಡ ಎಂಬುದು ತರ್ಕ. ಸುನಾಮಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ದೇಶದ ವಾರ್ಷಿಕ ಉತ್ಪನ್ನದ ಶೇ 62ರಷ್ಟು ಮೌಲ್ಯದ ನಷ್ಟವಾಯಿತು. ಬಾವಿಗಳಿಗೆ ಉಪ್ಪು ನುಗ್ಗಿತು, ಮಳೆನೀರಿನ ತೊಟ್ಟಿಗಳು ಒಡೆದವು. ಕಂಧೊಲುಧೂ ದ್ವೀಪದ ಜನ ಮತ್ತೆ ತಮ್ಮ ಊರಿಗೆ ಮರಳಲೇ ಇಲ್ಲ. ರೆಡ್‌ಕ್ರಾಸ್ ನೆರವಿನಿಂದ ಧುವಾಫಾರು ಎಂಬ ಖಾಲಿ ದ್ವೀಪದಲ್ಲಿ ಅವರಿಗೆ ಹೊಸ ಊರು ಕಟ್ಟಲಾಯಿತು. ಪಟ್ಟಿಯಿಂದ ಕೈಬಿಡುವುದು 2011ಕ್ಕೆ ಮುಂದೂಡಲ್ಪಟ್ಟಿತು.

ನೆರವು ಸರಿಯಾದ ಸಮಯಕ್ಕೆ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೂ ಅದೇ ಸುನಾಮಿ ಸಾಕ್ಷಿ. 1987ರಲ್ಲಿ ದೈತ್ಯ ಅಲೆಗಳು ಮಾಲೆಗೆ ನುಗ್ಗಿದ ಮೇಲೆ ಜಪಾನ್ ತನ್ನ ಹಣದಿಂದ ನಗರದ ಸುತ್ತ ತಡೆಗೋಡೆ ಕಟ್ಟಿಕೊಟ್ಟಿತ್ತು. ನಮ್ಮ ಕರಾವಳಿಯವರು ಕಂಡಿರುವ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳೇ ಅಲ್ಲಿಯೂ ಇವೆ. 2004ರಲ್ಲಿ ರಾಜಧಾನಿ ದೊಡ್ಡ ಹಾನಿಯಿಂದ ಪಾರಾಗುವುದಕ್ಕೆ ಆ ಗೋಡೆ ನೆರವಾಯಿತು.

ಮಾಲ್ಡೀವ್ಸ್ ನಿಂತಿರುವ ಕಡಲಡಿಯ ಪರ್ವತಶ್ರೇಣಿಯ ಉತ್ತರದ ತುದಿಯಲ್ಲಿ ನಮ್ಮ ಲಕ್ಷದ್ವೀಪವಿದೆ. ಅದರ ಅಮೀನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯೂ ಬಾವಿಯ ಕಥೆ ಬೇರೆಯಲ್ಲ. ಕವರತ್ತಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಬೇರೆಯೇ ದಾರಿ ಹಿಡಿಯಿತು. ಮೇಲ್ಮೈಯ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಸುಮಾರು 350 ಮೀಟರ್ ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ತಣಿಸುವ ಘಟಕ ಅದು. ದಿನಕ್ಕೆ ಲಕ್ಷ ಲೀಟರ್ ಸಿಹಿನೀರು ಸಿಗುತ್ತದೆ. ಆದರೆ ಲಕ್ಷದ್ವೀಪದ ಬೆನ್ನಿಗೆ ಒಂದು ದೊಡ್ಡ ದೇಶದ ಖಜಾನೆಯಿದೆ. ಮಾಲ್ಡೀವ್ಸ್‌ಗೆ ಹಾಗಿಲ್ಲ.

2015ರಲ್ಲಿ ಹಸಿರು ಹವಾಮಾನ ನಿಧಿ ತನ್ನ ಮೊಟ್ಟಮೊದಲ ಎಂಟು ಯೋಜನೆಗಳಲ್ಲಿ ಒಂದನ್ನು ಮಾಲ್ಡೀವ್ಸ್‌ನ ಹೊರ ದ್ವೀಪಗಳ ನೀರಿಗಾಗಿ ಒಪ್ಪಿತು. ಮಳೆನೀರು, ಅಂತರ್ಜಲ, ಯಂತ್ರದ ನೀರು ಮೂರನ್ನೂ ಜೋಡಿಸುವ ಯೋಜನೆಯದು. ನನ್ನ ದೃಷ್ಟಿಯಲ್ಲಿ ಇದೇ ಸರಿಯಾದ ವಿಜ್ಞಾನ, ಏಕೆಂದರೆ ಅದು ಮಸೂರಕ್ಕೆ ಉಸಿರಾಡಲು ಬಿಡುತ್ತದೆ. ಭಾರತವೂ 28 ದ್ವೀಪಗಳಿಗೆ ನೀರು, ಒಳಚರಂಡಿ ಜಾಲ ಕಟ್ಟಿ 2024ರ ಆಗಸ್ಟ್‌ನಲ್ಲಿ ಹಸ್ತಾಂತರಿಸಿತು. ಅದು ಅನುದಾನವಲ್ಲ, ಸಾಲ. ಒಳ್ಳೆಯ ಕೆಲಸವೇ. ಆದರೆ ವಾರ್ಷಿಕ ಉತ್ಪನ್ನಕ್ಕಿಂತ ಹೆಚ್ಚು ಸಾಲ ಹೊತ್ತಿರುವ ದೇಶಕ್ಕೆ ಕಂತು ಕಟ್ಟುವುದರ ಜೊತೆಗೆ ಪಂಪು, ಪೊರೆ, ಕೊಳವೆಗಳ ದುರಸ್ತಿಯನ್ನೂ ತೂಗಿಸುವುದು ಸುಲಭವಲ್ಲ. ಕೆಲವೇ ನೂರು ಜನರಿರುವ ದ್ವೀಪಕ್ಕೂ ಒಂದು ಪೂರ್ತಿ ಘಟಕ, ಒಬ್ಬ ತಂತ್ರಜ್ಞ, ಬಿಡಿಭಾಗ ತರುವ ಒಂದು ದೋಣಿ ಬೇಕೇ ಬೇಕು. ಜನ ಕಡಿಮೆಯೆಂದು ಖರ್ಚು ಕಡಿಮೆಯಾಗುವುದಿಲ್ಲ.

ತಲಾ ಆದಾಯದ ಅಳತೆಗೆ ಇದು ಯಾವುದೂ ಕಾಣುವುದಿಲ್ಲ. ಸಣ್ಣ ದ್ವೀಪ ರಾಷ್ಟ್ರಗಳು ದಶಕಗಳ ಕಾಲ ಹೋರಾಡಿದ ಮೇಲೆ, 2024ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆ ಬಹುಆಯಾಮದ ದುರ್ಬಲತೆ ಸೂಚ್ಯಂಕವನ್ನು ಒಪ್ಪಿತು. ಆಘಾತಕ್ಕೆ ದೇಶ ಎಷ್ಟು ಒಡ್ಡಿಕೊಂಡಿದೆ, ತಾಳಿಕೊಳ್ಳುವ ಶಕ್ತಿ ಎಷ್ಟಿದೆ ಎಂಬುದನ್ನು ಅದು ಅಳೆಯುತ್ತದೆ. ಸಾಲ ಕೊಡುವವರು ಇದನ್ನು ಬಳಸಲೇಬೇಕೆಂಬ ಕಟ್ಟುಪಾಡಿಲ್ಲ. ಒಂದೇ ದಿನದಲ್ಲಿ ನೀರಿನ ವಿಮಾನ ಕಳಿಸಿದ ಭಾರತ ಇಲ್ಲಿಯೂ ಮೊದಲ ಹೆಜ್ಜೆ ಇಡಬೇಕು. ದ್ವೀಪಗಳಿಗೆ ಕೊಡುವ ಸಾಲದ ಬಡ್ಡಿ, ಅವಧಿಗಳನ್ನು ಈ ಸೂಚ್ಯಂಕದ ಮೇಲೆ ನಿಗದಿ ಮಾಡಲಿ, ಪ್ರತಿ ನೀರಿನ ಯೋಜನೆಯ ಜೊತೆ ಹತ್ತು ವರ್ಷದ ದುರಸ್ತಿ ವೆಚ್ಚವನ್ನು ಅನುದಾನವಾಗಿ ಸೇರಿಸಲಿ.