ಊರು ಅಡ್ಡಹೆಸರಾಗುವ ಬಗೆ: ಹುಬ್ಬಳ್ಳಿ-ಧಾರವಾಡ ಪರಿಸರದ ಸ್ಥಳವಾಚಿ ಮನೆತನದ ಹೆಸರುಗಳು

ಇಂಗ್ಲೆಂಡಿನಲ್ಲಿ ‘ನ್ಯೂಟನ್’ ಬಹು ಬಳಕೆಯ ಅಡ್ಡಹೆಸರು. ಅದೇ ಹೆಸರಿನ ಊರುಗಳೂ ಆ ದೇಶದಲ್ಲಿ ಹೇರಳವಾಗಿವೆ. ಪ್ರಾಚೀನ ಇಂಗ್ಲಿಷಿನ ‘ಟೂನ್’ ಎಂಬ ಪದಕ್ಕೆ ಬೇಲಿ ಹಾಕಿದ ನೆಲ, ಒಕ್ಕಲುಮನೆ, ಹಳ್ಳಿ ಎಂಬ ಅರ್ಥಗಳಿವೆ. ಆದ್ದರಿಂದ ನ್ಯೂಟನ್ ಎಂದರೆ ಕನ್ನಡದ ಹೊಸೂರು. ವಿಜ್ಞಾನಿ ಐಸಾಕ್ ನ್ಯೂಟನ್ ಹುಟ್ಟಿದ್ದು ಲಿಂಕನ್‌ಶೈರ್ ಪ್ರಾಂತದ ವೂಲ್ಸ್‌ಥಾರ್ಪ್ ಎಂಬಲ್ಲಿ. ಹುಟ್ಟಿದ ಊರು ಒಂದು, ಹೆಸರಿನಲ್ಲಿರುವ ಊರು ಮತ್ತೊಂದು. ಈ ಅಂತರವೇ ಸ್ಥಳವಾಚಿ ಅಡ್ಡಹೆಸರಿನ ಜೀವಾಳ. ಇದನ್ನು ಹುಬ್ಬಳ್ಳಿ-ಧಾರವಾಡದಷ್ಟು ಸ್ಪಷ್ಟವಾಗಿ ತೋರಿಸುವ ಪ್ರದೇಶಗಳು ಕರ್ನಾಟಕದಲ್ಲಿ ವಿರಳ.

ಈ ಪರಿಸರದ ಅಡ್ಡಹೆಸರುಗಳಲ್ಲಿ ಕಸುಬನ್ನು ಹೇಳುವ ಬಡಿಗೇರ, ಕಂಬಾರ, ಅಧಿಕಾರವನ್ನು ಹೇಳುವ ದೇಸಾಯಿ, ಕುಲಕರ್ಣಿ, ನಾಡಗೇರ, ಸರಕನ್ನು ಹೇಳುವ ಮೆಣಸಿನಕಾಯಿ, ಉಳ್ಳಾಗಡ್ಡಿ ಮೊದಲಾದವು ಎಲ್ಲರ ಗಮನ ಸೆಳೆಯುತ್ತವೆ. ವಿದ್ವಾಂಸರ ಕುತೂಹಲವೂ ಹೆಚ್ಚಾಗಿ ಈ ವಿಚಿತ್ರ ಹೆಸರುಗಳತ್ತಲೇ ಹರಿದಿದೆ. ಊರಿನ ಹೆಸರುಗಳು ಸರಳವೆಂದು ತೋರುವುದರಿಂದ ಉಪೇಕ್ಷೆಗೊಳಗಾಗಿವೆ. ಆದರೆ ಅವು ಹೇಳುವ ಸಂಗತಿ ಸರಳವಾದುದಲ್ಲ. ಹಾನಗಲ್ಲಿನಲ್ಲಿ ನೆಲೆಸಿರುವವನನ್ನು ಆ ಊರಿನವರು ಹಾನಗಲ್ಲಿನವನೆಂದು ಕರೆದರೆ ಯಾರನ್ನೂ ಗುರುತಿಸಿದಂತಾಗದು. ಊರನ್ನು ಬಿಟ್ಟು ಹೊರಟವನಿಗೆ, ಹೋಗಿ ಸೇರಿದ ಊರಿನ ಜನ ಇಡುವ ಹೆಸರು ಅದು. ಅಂದಮೇಲೆ ಸ್ಥಳವಾಚಿ ಅಡ್ಡಹೆಸರು ವಾಸದ ದಾಖಲೆಯಲ್ಲ, ವಲಸೆಯ ದಾಖಲೆ.

ಇದಕ್ಕೆ ಸಂಗೀತಲೋಕದಲ್ಲಿಯೇ ಉತ್ತಮ ನಿದರ್ಶನಗಳಿವೆ. ಮಲ್ಲಿಕಾರ್ಜುನ ಮನ್ಸೂರ (1910–1992) ಹುಟ್ಟಿದ್ದು ಧಾರವಾಡದ ಮಗ್ಗುಲಲ್ಲಿರುವ ಮನಸೂರಿನಲ್ಲಿ. ತಂದೆ ಆ ಹಳ್ಳಿಯ ಗೌಡರು. ಹಳ್ಳಿಯೊಳಗೆ ಗೌಡಿಕೆಯೇ ಮನೆಯ ಗುರುತಾಗಿರಲು ಸಾಕು. ಎಳೆಯ ವಯಸ್ಸಿನಲ್ಲಿ ನಾಟಕ ಕಂಪನಿ ಸೇರಿ ಊರೂರು ತಿರುಗಿದ ಬಾಲಕನಿಗೆ ಊರೇ ಹೆಸರಾಯಿತು. ಸವಾಯಿ ಗಂಧರ್ವರ (1886–1952) ಪ್ರಸಂಗ ಇನ್ನೂ ಅರ್ಥಪೂರ್ಣವಾದುದು. ಅವರ ಮನೆತನದ ಹೆಸರು ಸಂಶಿ. ಇದು ಕುಂದಗೋಳದ ಸಮೀಪದ ಹಳ್ಳಿ. ಕುಂದಗೋಳದಲ್ಲಿ ಸಂಶಿಯವರೆನಿಸಿದ್ದವರು ಮಹಾರಾಷ್ಟ್ರದ ರಂಗಭೂಮಿಯಲ್ಲಿ ರಾಮಭಾವು ಕುಂದಗೋಳಕರರಾದರು. ಅಲ್ಲಿಯ ಪ್ರೇಕ್ಷಕರಿಗೆ ಸಂಶಿ ಎಲ್ಲಿಯದು? ಹುಬ್ಬಳ್ಳಿ ಸಮೀಪದ ಅದರಗುಂಚಿಯಲ್ಲಿ ಹುಟ್ಟಿ, 1939ರ ‘ಮಾಣೂಸ್’ ಚಿತ್ರದಿಂದ ಪ್ರಖ್ಯಾತರಾದ ನಟಿ ಶಾಂತಾ ಅವರು ‘ಅದರಗುಂಚಿಕರ’ ಆಗದೆ ‘ಹುಬಳೀಕರ’ ಆದದ್ದೂ ಇದೇ ಕಾರಣದಿಂದಿರಬೇಕು. ಹೋದ ದೂರ ಹೆಚ್ಚಿದಂತೆ ಹೆಸರಿನೊಳಗಿನ ಊರು ದೊಡ್ಡದಾಗುತ್ತದೆ. ಹಾಗೆಯೇ ಮರಾಠಿಯ ‘ಕರ’ ಪ್ರತ್ಯಯ ಸೇರಿದ್ದರೆ ಹೆಸರು ರೂಪುಗೊಂಡ ದಿಕ್ಕಿನ ಬಗೆಗೆ ಒಂದು ಸುಳಿವು ದೊರೆಯುತ್ತದೆ. ಆದರೆ ಅದು ಸುಳಿವು ಮಾತ್ರ.

ಗಂಗೂಬಾಯಿ ಹಾನಗಲ್ (1913–2009) ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಪತಿ ಗುರುರಾವ ಕೌಲಗಿ. ಕೌಲಗಿ ಎಂಬ ಹೆಸರು ಗಂಗೂಬಾಯಿಯವರಿಗೆ ಬರಲಿಲ್ಲ. ಮಗಳು ಕೃಷ್ಣಾ ಕೂಡ ಹಾನಗಲ್ ಎಂಬ ಹೆಸರಿನಿಂದಲೇ ಹಾಡಿದರು. ಅಡ್ಡಹೆಸರು ತಂದೆಯಿಂದ ಮಗನಿಗೆ ಇಳಿಯುವ ಸ್ವತ್ತೆಂದು ಭಾವಿಸಿ ವಂಶಾವಳಿ ಬರೆಯುವವರು ಇಂಥ ಮನೆತನಗಳ ಮುಂದೆ ನಿಲ್ಲಬೇಕಾಗುತ್ತದೆ. ಇಲ್ಲಿ ಊರಿನ ಹೆಸರು ತಾಯಿಯ ಬಳ್ಳಿಯ ಗುರುತಾಗಿದೆ. ಕಸುಬಿನ ಹೆಸರಿನಂತೆ ಅದು ಜಾತಿಯನ್ನು ಸಾರುವುದಿಲ್ಲ. ಹುಟ್ಟಿನ ಕಾರಣಕ್ಕೆ ಅವಮಾನ ಉಂಡವರಿಗೆ ಈ ಮೌನ ಕಡಿಮೆ ಬೆಲೆಯದಲ್ಲ.

ಹಳೆಯ ಮೈಸೂರಿನ ಕಡೆಯೂ ಊರು ಹೆಸರಿನೊಳಗೆ ಸೇರುತ್ತದೆ, ಆದರೆ ಅದರ ಸ್ಥಾನ ಬೇರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು ಮೊದಲಿಗೆ ಬಂದು ಒಂದಕ್ಷರದಲ್ಲಿ ಅಡಗುತ್ತದೆ. ವಿನಾಯಕ ಕೃಷ್ಣ ಗೋಕಾಕ ಎಂಬಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಪೂರ್ಣರೂಪದಲ್ಲಿ ಅಡ್ಡಹೆಸರು. 1818ರಲ್ಲಿ ಕಂಪನಿಯ ಕೈಸೇರಿ 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದ ಧಾರವಾಡ ಜಿಲ್ಲೆಯ ಶಾಲೆ, ಕಚೇರಿಗಳ ದಫ್ತರಗಳಲ್ಲಿ ಈ ಕ್ರಮ ಗಟ್ಟಿಯಾಯಿತು. ಆಡುಮಾತಿನಲ್ಲಿ ತಲೆಮಾರಿಗೊಮ್ಮೆ ಬದಲಾಗಬಹುದಾಗಿದ್ದ ಹೆಸರು ಕಾಗದದ ಮೇಲೆ ಸ್ಥಿರವಾಯಿತು. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ ಎಂಬುದನ್ನೂ ಇಲ್ಲಿ ನೆನೆಯಬೇಕು.

ಸಂಶೋಧಕರು ಎಚ್ಚರ ವಹಿಸಬೇಕಾದ ಅಂಶಗಳಿವೆ. ಸವಣೂರ, ಬಿಜಾಪುರ ಮುಂತಾದ ಅಡ್ಡಹೆಸರುಗಳನ್ನು ಲಿಂಗಾಯತರು, ಬ್ರಾಹ್ಮಣರು, ಮುಸ್ಲಿಮರು ಸಮಾನವಾಗಿ ಹೊಂದಿರುವುದುಂಟು. ಹೆಸರಿನ ಸಾಮ್ಯ ನಂಟಸ್ತಿಕೆಯ ಸಾಕ್ಷ್ಯವಲ್ಲ. ಒಂದೇ ದಾರಿಯಲ್ಲಿ ಬೇರೆ ಬೇರೆ ಕಾಲಕ್ಕೆ ನಡೆದುಬಂದವರ ಸಾಮ್ಯ ಅದು. ಇನ್ನು ಹೊಸೂರ ಎಂಬಂಥ ಹೆಸರು ಮೂಲಸ್ಥಳದ ಶೋಧನೆಗೆ ಬಹುಮಟ್ಟಿಗೆ ನಿರುಪಯುಕ್ತ. ಹುಬ್ಬಳ್ಳಿಯಲ್ಲಿಯೇ ಒಂದು ಹೊಸೂರಿದೆ, ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಇಂಗ್ಲೆಂಡಿನ ನ್ಯೂಟನ್ನರ ಪಾಡೂ ಇದೇ. ಅಂಥಲ್ಲಿ ಮನೆದೇವರನ್ನು ವಿಚಾರಿಸುವುದು ಹೆಚ್ಚು ಫಲಕಾರಿ. ಊರು ಬಿಟ್ಟು ಹಲವು ತಲೆಮಾರು ಕಳೆದರೂ ಜಾತ್ರೆಗೆ, ಜವಳಕ್ಕೆ ಕುಟುಂಬ ಯಾವ ದೇವರ ಗುಡಿಗೆ ಹೋಗುತ್ತದೆ ಎಂಬುದು ಹೆಸರಿಗಿಂತ ನಿಖರವಾಗಿ ದಾರಿ ತೋರಬಲ್ಲದು.

ಊರಿನಿಂದ ವ್ಯಕ್ತಿಗೆ ಬಂದ ಹೆಸರು ವ್ಯಕ್ತಿಯಿಂದ ಮತ್ತೆ ಸ್ಥಳಕ್ಕೆ ಮರಳುವುದೂ ಉಂಟು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆ, ಲ್ಯಾಮಿಂಗ್ಟನ್ ರಸ್ತೆಗಳು 1903ರಿಂದ 1907ರವರೆಗೆ ಮುಂಬಯಿ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನರ ಹೆಸರನ್ನು ಹೊತ್ತಿವೆ. ಅವರ ಮನೆತನದ ಹೆಸರು ಕಾಕ್ರೇನ್-ಬೇಲಿ. ಲ್ಯಾಮಿಂಗ್ಟನ್ ಎಂಬುದು ಸ್ಕಾಟ್ಲೆಂಡಿನ ಒಂದು ಹಳ್ಳಿಯಿಂದ ಬಂದ ಪದವಿ. ಆ ಹಳ್ಳಿಯನ್ನು ಕಾಣದ ಸಾವಿರಾರು ಜನ ಅದರ ಹೆಸರನ್ನು ಹುಬ್ಬಳ್ಳಿಯಲ್ಲಿ ದಿನವೂ ಉಚ್ಚರಿಸುತ್ತಾರೆ. ಗೋಕಾಕ ಎಂಬ ಹೆಸರಿನ ಪಯಣವೂ ವಿಲಕ್ಷಣ: ಊರಿನಿಂದ ಮನೆತನಕ್ಕೆ, ಮನೆತನದಿಂದ ಸಮಿತಿಯ ವರದಿಗೆ, ವರದಿಯಿಂದ 1982ರಲ್ಲಿ ನಾಡನ್ನೆಲ್ಲ ವ್ಯಾಪಿಸಿದ ಚಳವಳಿಗೆ. ಚಳವಳಿ ನಡೆದದ್ದು ಗೋಕಾಕ ಪಟ್ಟಣದ ವಿಷಯವಾಗಿ ಎಂದು ಭಾವಿಸುವವರು ಇಂದು ಸಿಕ್ಕರೆ ಅಚ್ಚರಿಪಡಬೇಕಾಗಿಲ್ಲ. ಹಾನಗಲ್ ಎಂಬ ಹೆಸರೂ ಗಂಗೂಬಾಯಿಯವರ ಮೂಲಕ ಮೈಸೂರಿನ ಸಂಗೀತ ವಿಶ್ವವಿದ್ಯಾಲಯದ ಫಲಕವನ್ನು ಸೇರಿದೆ.

2014ರ ನವೆಂಬರ್ 1ರಿಂದ ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ನಕಾಶೆ, ನಿಲ್ದಾಣ, ಕಚೇರಿಗಳ ಫಲಕಗಳು ಬದಲಾದವು. ಹುಬ್ಬಳ್ಳಿ-ಧಾರವಾಡದ ಬಿಜಾಪುರ ಮನೆತನಗಳು ಮಾತ್ರ ಬಿಜಾಪುರ ಎಂದೇ ಉಳಿದಿವೆ.